ಕಿವಿಯ ಕೆಲಸದಿಂದ ಕಣ್ಣಿನ ಕೆಲಸಕ್ಕೆ

ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್, ಅಂದರೆ ಡಾಕ್ಟರು ಧ್ವನಿಯಲ್ಲಿ ಹೇಳಿದ ವರದಿಯನ್ನು ಕೇಳಿ ಟೈಪ್ ಮಾಡುವ ಕೆಲಸ, ಮಾಡುವ ಸುಮಾರು ನಲವತ್ತು ಜನ ಸೇರಿದ್ದರು. ಹೆಚ್ಚಿನವರು ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಕ್ಕಳು. ಮೆಡಿಕಲ್ ಕೋಡಿಂಗ್‌ಗೆ, ಅಂದರೆ ಆ ವರದಿ ಓದಿ ಕಾಯಿಲೆಗೂ ಚಿಕಿತ್ಸೆಗೂ ಕೋಡ್ ಹಾಕುವ ಕೆಲಸಕ್ಕೆ, ಹೋಗಬಹುದಾ, ಹೋಗುವುದಾದರೆ ಹೇಗೆ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದರು. ಅಲ್ಲಿ ಆಡಿದ ಮಾತನ್ನು ಸ್ವಲ್ಪ ಒಪ್ಪಮಾಡಿ ಇಲ್ಲಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮಾತು ಕೇಳುತ್ತೇನೆ. ಡಿಸ್‌ಫೇಜಿಯಾ ಅಂತ ಕಿವಿಗೆ ಬಿದ್ದಾಗ ಧ್ವನಿ ಓಡಿಸುವ ಪೆಡಲ್ ಹಿಂದಕ್ಕೆ ಒತ್ತಿ ಇನ್ನೊಮ್ಮೆ ಕೇಳಿಸಿಕೊಂಡವರು ಎಷ್ಟು ಜನ? ನೋಡಿ, ಎಲ್ಲರ ಕೈಯೂ ಮೇಲೆ ಬಂತು. ಡಿಸ್‌ಫೇಜಿಯಾ ಅಂದರೆ ನುಂಗಲು ಕಷ್ಟ. ಡಿಸ್‌ಫೇಸಿಯಾ ಅಂದರೆ ಮಾತಾಡಲು ಕಷ್ಟ. ಡಾಕ್ಟರು ಬಾಯಲ್ಲಿ ಏನೋ ಅಗಿಯುತ್ತಾ ಹೇಳಿದರೆ ಎರಡೂ ಒಂದೇ ಥರ ಕೇಳುತ್ತದೆ. ನಾವು ಮೂರು ಸಲ ಕೇಳುತ್ತೇವೆ. ಹಿಂದಿನ ಸಾಲು, ಮುಂದಿನ ಸಾಲು ನೋಡುತ್ತೇವೆ. ಆಗಲೂ ಗೊತ್ತಾಗದಿದ್ದರೆ ಬ್ಲ್ಯಾಂಕ್ ಬಿಟ್ಟು ಕ್ಯೂಎಗೆ, ಅಂದರೆ ನಮ್ಮ ಕೆಲಸ ಪರಿಶೀಲಿಸುವವರಿಗೆ, ಕಳಿಸುತ್ತೇವೆ. ಊಹೆ ಮಾಡಿ ತುಂಬುವುದಿಲ್ಲ.

ಈ ಬ್ಲ್ಯಾಂಕ್ ಬಿಡುವ ಅಭ್ಯಾಸ ಇದೆಯಲ್ಲ, ಇವತ್ತು ನಾನು ಹೇಳಲು ಬಂದಿರುವುದು ಅದರ ಬಗ್ಗೆಯೇ. ನೀವು ಕೋಡಿಂಗ್‌ಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಅತಿ ದೊಡ್ಡ ಬಂಡವಾಳ ಅದು. ಟೈಪಿಂಗ್ ವೇಗ ಅಲ್ಲ. ಬೇರೆ ಬೇರೆ ದೇಶದ ಡಾಕ್ಟರುಗಳ ಉಚ್ಚಾರಣೆ ಹಿಡಿಯುವ ಕಿವಿಯೂ ಅಲ್ಲ. ಗೊತ್ತಿಲ್ಲದ ಜಾಗವನ್ನು ಗೊತ್ತಿಲ್ಲ ಅಂತಲೇ ಬಿಡುವ ಗುಣ.

ನನ್ನ ಕಥೆ ಬೇಗ ಹೇಳಿ ಮುಗಿಸುತ್ತೇನೆ. 2004ರಲ್ಲಿ ಬಿ.ಎಸ್ಸಿ ಮುಗಿಸಿ ಹಾಸನದಿಂದ ಬೆಂಗಳೂರಿಗೆ ಬಂದೆ. ಆಗ ಬೆಂಗಳೂರಲ್ಲಿ ಎಲ್ಲಿ ನೋಡಿದರೂ ಟ್ರಾನ್ಸ್‌ಕ್ರಿಪ್ಷನ್ ತರಬೇತಿಯ ಬೋರ್ಡು. ಜಯನಗರದ ಒಂದು ಪಿಜಿಯಲ್ಲಿ ನಾಲ್ಕು ಜನ ಒಂದು ಕೋಣೆ. ನಾಲ್ವರೂ ರಾತ್ರಿ ಪಾಳಿ. ಅಮೆರಿಕದಲ್ಲಿ ಡಾಕ್ಟರು ಹಗಲಲ್ಲಿ, ಅಂದರೆ ನಮ್ಮ ರಾತ್ರಿಯಲ್ಲಿ, ಹೇಳಿದ್ದು ಅವರ ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಇರಬೇಕು. 65 ಅಕ್ಷರಕ್ಕೆ ಒಂದು ಲೈನ್, ಖಾಲಿ ಜಾಗವೂ ಸೇರಿ. ಲೈನ್ ಎಷ್ಟೋ ದುಡ್ಡು ಅಷ್ಟು. ಶೇ. 98ಕ್ಕಿಂತ ನಿಖರತೆ ಕೆಳಗೆ ಹೋದರೆ ಬೈಗುಳ. ಇದೆಲ್ಲ ನಿಮಗೂ ಗೊತ್ತು.

ನಾನು ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಮೊದಲ ವಾರ ಕೊಲೆಸಿಸ್ಟೆಕ್ಟಮಿ ಅನ್ನುವ ಪದ ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಒಂದು ವಿಷಯ ಹೊಳೆಯಿತು. ನಾವು ಕನ್ನಡದಲ್ಲಿ ಪದಕ್ಕೆ ಪದ ಅಂಟಿಸುತ್ತಾ ಹೋಗುತ್ತೇವೆ ಅಲ್ವಾ? ಇದೂ ಹಾಗೇ. ಕೊಲೆ ಅಂದರೆ ಪಿತ್ತ, ಸಿಸ್ಟ್ ಅಂದರೆ ಚೀಲ, ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಪಿತ್ತಚೀಲ ತೆಗೆಯುವುದು, ಅಷ್ಟೇ. ಪದವನ್ನು ಬಿಡಿಸಿ ನೋಡುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಕನ್ನಡ ಮೀಡಿಯಂ ಅಂತ ಹಿಂಜರಿಯುವವರು ಇಲ್ಲಿದ್ದರೆ ದಯವಿಟ್ಟು ಆ ಹೆದರಿಕೆಯನ್ನು ಇಲ್ಲೇ ಬಿಟ್ಟು ಹೋಗಿ.

ಐದಾರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎರಡು ಕಡೆಯಿಂದ ನೀರು ನುಗ್ಗಿತು. ಒಂದು, ಧ್ವನಿಯನ್ನು ತಾನೇ ಅಕ್ಷರ ಮಾಡುವ ಸಾಫ್ಟ್‌ವೇರ್. ನಾವು ಬರೆಯುವವರಾಗಿದ್ದವರು ತಿದ್ದುವವರಾದೆವು. ತಿದ್ದುವ ಲೈನಿಗೆ ಬರೆಯುವ ಲೈನಿನ ಅರ್ಧ ದರ. ಇನ್ನೊಂದು, 2009ರಲ್ಲಿ ಅಮೆರಿಕ ಮಾಡಿದ ಹೈಟೆಕ್ ಆ್ಯಕ್ಟ್. ಆಸ್ಪತ್ರೆಗಳೂ ಡಾಕ್ಟರುಗಳೂ ದಾಖಲೆಗಳನ್ನು ಕಂಪ್ಯೂಟರಿಗೆ ತಂದರೆ ಸರ್ಕಾರದಿಂದ ಹಣ, ತರದಿದ್ದರೆ ಮುಂದೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆಯ ಹಣದಲ್ಲಿ ಕಡಿತ. ಡಾಕ್ಟರುಗಳು ಡಿಕ್ಟೇಶನ್ ಬಿಟ್ಟು ಪರದೆ ಮೇಲೆ ಟಿಕ್ ಹಾಕತೊಡಗಿದರು. ನನ್ನ ಖಾತೆಯಲ್ಲಿ ದಿನಕ್ಕೆ ನಲವತ್ತು ಫೈಲ್ ಬರುತ್ತಿದ್ದ ಜಾಗದಲ್ಲಿ ಹನ್ನೆರಡು ಬಂದವು. ಇನ್ನು ಕಾಯುವುದರಲ್ಲಿ ಅರ್ಥ ಇಲ್ಲ ಅನ್ನಿಸಿತು. 2013ರ ಕೊನೆಗೆ ಕೋಡಿಂಗ್ ಓದಲು ಕೂತೆ.

ಈಗ ವಿಷಯಕ್ಕೆ ಬರುತ್ತೇನೆ. ಕೋಡಿಂಗ್ ಅಂದರೆ ಏನು?

ಅಮೆರಿಕದಲ್ಲಿ ರೋಗಿ ಡಾಕ್ಟರ ಬಳಿ ಹೋದರೆ ದುಡ್ಡು ಕೊಡುವವರು ಹೆಚ್ಚಾಗಿ ವಿಮಾ ಕಂಪನಿ, ಇಲ್ಲವೇ ಮೆಡಿಕೇರ್ ಥರದ ಸರ್ಕಾರಿ ವ್ಯವಸ್ಥೆ. ಅವರಿಗೆ ಎರಡು ಪ್ರಶ್ನೆ. ರೋಗಿಗೆ ಏನಾಗಿತ್ತು? ಡಾಕ್ಟರು ಏನು ಮಾಡಿದರು? ಮೊದಲನೆಯದಕ್ಕೆ ಉತ್ತರ ಐಸಿಡಿ-10-ಸಿಎಂ ಕೋಡ್. ಎರಡನೆಯದಕ್ಕೆ ಸಿಪಿಟಿ ಕೋಡ್, ಐದು ಅಂಕಿಯದು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲ ಸಲ ಹೊರತಂದ ಪಟ್ಟಿ ಅದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದವರ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಬಿಲ್ಲಿನಲ್ಲಿ ಐಸಿಡಿ-10-ಪಿಸಿಎಸ್ ಅಂತ ಇನ್ನೊಂದು ಪಟ್ಟಿ. ಡಾಕ್ಟರು ಬರೆದದ್ದನ್ನು ಓದಿ ಈ ಕೋಡ್ ಹಾಕುವವರು ನಾವು.

ಐಸಿಡಿಯ ಬೇರು ತುಂಬ ಹಳೆಯದು. 1893ರಲ್ಲಿ ಜಾಕ್ ಬೆರ್ಟಿಲೋನ್ ಅನ್ನುವ ಫ್ರೆಂಚ್ ಅಂಕಿಅಂಶ ತಜ್ಞ ಸಾವಿನ ಕಾರಣಗಳ ಒಂದು ಪಟ್ಟಿ ಕೊಟ್ಟ. ಜನ ಯಾವುದರಿಂದ ಸಾಯುತ್ತಿದ್ದಾರೆ ಅಂತ ಊರೂರು ಹೋಲಿಸಿ ನೋಡಲಿಕ್ಕೆ ಮಾಡಿದ್ದು. ಅದೇ ಬೆಳೆದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಬಿಲ್ಲಿಗೆ ಅದನ್ನು ಬಳಸತೊಡಗಿದ್ದು ಆಮೇಲೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾವು ಹಾಕುವ ಕೋಡ್ ಬರೀ ದುಡ್ಡಿನ ಲೆಕ್ಕ ಅಲ್ಲ. ಎಲ್ಲೋ ಒಂದು ಕಡೆ ಅದು ಒಬ್ಬ ಮನುಷ್ಯನ ಕಾಯಿಲೆಯ ದಾಖಲೆ.

ನಾನು ಓದಲು ಕೂತ ಕಾಲ ವಿಚಿತ್ರವಾಗಿತ್ತು. ಅಮೆರಿಕ ಆಗಿನ್ನೂ ಐಸಿಡಿ-9ರಲ್ಲಿತ್ತು. 2014ರ ಅಕ್ಟೋಬರ್ 1ಕ್ಕೆ ಐಸಿಡಿ-10 ಬರುತ್ತದೆ ಅಂದಿದ್ದರು. ಅಷ್ಟು ದುಡ್ಡು ಕೊಟ್ಟು ಹೊಸ ಪುಸ್ತಕ ತಗೊಂಡೆ. ಏಪ್ರಿಲ್‌ನಲ್ಲಿ ಕಾನೂನು ಬದಲಾಯಿತು, ಒಂದು ವರ್ಷ ಮುಂದಕ್ಕೆ ಹೋಯಿತು. ಮತ್ತೆ ಹಳೆ ಪುಸ್ತಕ ಹಿಡಿದೆ. ಕೊನೆಗೆ 2015ರ ಅಕ್ಟೋಬರ್ 1ರಂದು ಐಸಿಡಿ-10 ಬಂದೇಬಂತು. ಸುಮಾರು 14,000 ಇದ್ದ ಕಾಯಿಲೆ ಕೋಡುಗಳು 68,000 ದಾಟಿದವು. ಹತ್ತು ವರ್ಷದ ಅನುಭವ ಇದ್ದವರೂ ಅವತ್ತು ಹೊಸಬರೇ. ನನ್ನಂಥವಳಿಗೆ ಅದು ಒಳ್ಳೆಯದೇ ಆಯಿತು. ಯಾಕೆ ಗೊತ್ತಾ? ಹೊಸ ಕೋಡುಗಳಿಗೆ ಅಂಗರಚನೆ ಜಾಸ್ತಿ ಬೇಕಿತ್ತು. ಬಲಗಡೆಯಾ ಎಡಗಡೆಯಾ, ಮೂಳೆಯ ಯಾವ ತುದಿ, ತೆರೆದ ಮುರಿತವಾ ಮುಚ್ಚಿದ್ದಾ. ಇದನ್ನೆಲ್ಲ ಹತ್ತು ವರ್ಷ ಕಿವಿಯಲ್ಲಿ ಕೇಳಿದ್ದೆ.

ಒಂದು ಚಾರ್ಟ್, ಅಂದರೆ ಒಬ್ಬ ರೋಗಿಯ ದಾಖಲೆ, ತಗೊಳ್ಳೋಣ. ಹೆಸರಿಲ್ಲ, ಪಾಠಕ್ಕಾಗಿ ನಾನೇ ಕಟ್ಟಿದ್ದು. ಒಹಾಯೊದ 71 ವರ್ಷದ ಹೆಂಗಸು. ಜನವರಿ ತಿಂಗಳು. ಮನೆ ಮುಂದೆ ಹಿಮದ ಮೇಲೆ ಕಾಲು ಜಾರಿ, ನಿಂತ ಎತ್ತರದಿಂದಲೇ ಬಿದ್ದರು. ಬಲಗೈ ಊರಿದರು. ಎಮರ್ಜೆನ್ಸಿಗೆ ಬಂದರು. ಡಾಕ್ಟರು ಬರೆದದ್ದು, ಬಲಗೈ ರೇಡಿಯಸ್ ಮೂಳೆಯ ಕೆಳತುದಿಯ ಮುರಿತ.

ಹೊಸ ಕೋಡರ್ ತಕ್ಷಣ ಎಸ್52.501ಎ ಹಾಕುತ್ತಾರೆ. ಇದರಲ್ಲಿ ಎಷ್ಟು ವಿಷಯ ಇದೆ ನೋಡಿ. ಎಸ್52 ಅಂದರೆ ಮುಂದೋಳಿನ ಮುರಿತ. ಮಧ್ಯದ ಅಂಕಿಗಳಲ್ಲಿ ರೇಡಿಯಸ್‌ನ ಕೆಳತುದಿ ಮತ್ತು ಬಲಗಡೆ. ಮುರಿತ ತೆರೆದದ್ದಾ ಮುಚ್ಚಿದ್ದಾ ಅಂತ ಡಾಕ್ಟರು ಬರೆಯದಿದ್ದರೆ ಮುಚ್ಚಿದ್ದು ಅಂತ ತಗೊಳ್ಳಬೇಕು ಎಂದು ನಿಯಮವೇ ಹೇಳುತ್ತದೆ. ಇಲ್ಲಿ ಊಹೆ ನಮ್ಮದಲ್ಲ, ನಿಯಮದ್ದು. ಕೊನೆಯ ಎ ಅಕ್ಷರ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಮೊದಲ ಭೇಟಿ ಅಂದುಕೊಳ್ಳುತ್ತಾರೆ. ಅಲ್ಲ. ಆ ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುವವರೆಗೂ ಎ. ವಾಸಿಯಾಗುವ ಹಂತದ ತಪಾಸಣೆಗೆ ಬಂದರೆ ಡಿ. ಹಳೆ ಮುರಿತದಿಂದ ಮುಂದೆ ಉಳಿದ ತೊಂದರೆಗೆ ಎಸ್. ಹಿಮದ ಮೇಲೆ ಜಾರಿದ್ದಕ್ಕೆ ಬೇರೆ ಕೋಡ್, ಡಬ್ಲ್ಯೂ00.0ಎಕ್ಸ್‌ಎಕ್ಸ್‌ಎ.

ಇಷ್ಟಕ್ಕೆ ಮುಗಿಯಿತಾ? ಚಾರ್ಟ್‌ನ ಹಿಂದಿನ ಪುಟಕ್ಕೆ ಹೋಗಿ. ಹಳೆಯ ಕಾಯಿಲೆಗಳ ಸಾಲಿನಲ್ಲಿ ನಾಲ್ಕನೆಯದಾಗಿ ಆಸ್ಟಿಯೋಪೊರೋಸಿಸ್ ಅಂತ ಇದೆ. ಮೂಳೆ ಸವೆದಿರುವವರು ಸಣ್ಣದಾಗಿ ಬಿದ್ದು ಮೂಳೆ ಮುರಿದರೆ, ಆ ಪೆಟ್ಟಿಗೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುತ್ತಿರಲಿಲ್ಲ ಅನ್ನುವಂತಿದ್ದರೆ, ಪೆಟ್ಟಿನ ಕೋಡ್ ಹಾಕಬಾರದು ಅಂತ ನಿಯಮ ಹೇಳುತ್ತದೆ. ಎಂ80 ಗುಂಪಿಗೆ ಹೋಗಬೇಕು. ಆ ಸವೆತ ವಯಸ್ಸಿನಿಂದ ಬಂದದ್ದಾದರೆ ಎಂ80.031ಎ. ಕಥೆಯೇ ಬದಲಾಯಿತು. ಮೊದಲ ಕೋಡ್ ಹೇಳುವುದು, ಈಕೆ ಬಿದ್ದರು, ಕೈ ಮುರಿಯಿತು. ಎರಡನೆಯದು ಹೇಳುವುದು, ಈಕೆಯ ಮೂಳೆಗಳು ಸೋತಿವೆ, ನಾಳೆ ಸೊಂಟವೂ ಮುರಿಯಬಹುದು, ಯಾರಾದರೂ ನೋಡಿಕೊಳ್ಳಿ.

ಆ ನಾಲ್ಕನೆಯ ಸಾಲನ್ನು ಯಾರು ಗಮನಿಸುತ್ತಾರೆ? ವರದಿಯನ್ನು ಮೊದಲಿಂದ ಕೊನೆವರೆಗೂ ಅಕ್ಷರ ಅಕ್ಷರ ಬರೆದು ರೂಢಿ ಇದ್ದವರು. ಡಾಕ್ಟರು ಮುಖ್ಯ ಮಾತನ್ನು ಎಲ್ಲಿ ಹೇಳುತ್ತಾರೆ, ಯಾವುದನ್ನು ಗಡಿಬಿಡಿಯಲ್ಲಿ ಹಳೆ ಕಾಯಿಲೆಗಳ ಪಟ್ಟಿಯೊಳಗೆ ತುರುಕಿ ಮುಂದೆ ಹೋಗುತ್ತಾರೆ ಅಂತ ನಮಗೆ ಗೊತ್ತು. ಆದರೆ ಮುರಿತಕ್ಕೂ ಮೂಳೆ ಸವೆತಕ್ಕೂ ಸಂಬಂಧ ಇದೆಯೋ ಇಲ್ಲವೋ ಅನ್ನುವ ಅನುಮಾನ ಉಳಿದರೆ ನಾವೇ ತೀರ್ಮಾನಿಸುವ ಹಾಗಿಲ್ಲ. ಡಾಕ್ಟರನ್ನು ಕೇಳಬೇಕು. ಕೋಡಿಂಗ್‌ನಲ್ಲಿ ಇದಕ್ಕೆ ಕ್ವೆರಿ ಅನ್ನುತ್ತಾರೆ. ನಮ್ಮ ಬ್ಲ್ಯಾಂಕ್‌ನ ಅಕ್ಕನೋ ತಂಗಿಯೋ ಅದು.

ಶಸ್ತ್ರಚಿಕಿತ್ಸೆಯ ವರದಿಯಲ್ಲೂ ಹೀಗೇ. ಲ್ಯಾಪರೋಸ್ಕೋಪ್‌ನಿಂದ ಪಿತ್ತಚೀಲ ತೆಗೆದರೆ ಸಿಪಿಟಿ ಕೋಡ್ 47562. ನಡುವೆ ಪಿತ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ನೋಡಿದ್ದರೆ, ಅಂದರೆ ಕೊಲಾಂಜಿಯೋಗ್ರಾಂ ಮಾಡಿದ್ದರೆ, 47563. ವರದಿಯ ಶೀರ್ಷಿಕೆಯಲ್ಲಿ ಅದು ಇರದೇ ಹೋಗಬಹುದು. ಒಳಗೆ ಎಲ್ಲೋ ಒಂದು ವಾಕ್ಯದಲ್ಲಿ ಇರುತ್ತದೆ. ಹೊಲಿಗೆಯ ಕೋಡ್ ನೋಡಿ. ತೋಳಿನ ಮೇಲೆ ಸಾದಾ ಹೊಲಿಗೆ 2.5 ಸೆಂಟಿಮೀಟರ್ ತನಕ 12001, 2.6ರಿಂದ 7.5ರ ತನಕ 12002. ಒಂದೇ ಥರದ ಹೊಲಿಗೆ, ಒಂದೇ ಗುಂಪಿನ ಜಾಗ ಆದರೆ ಉದ್ದಗಳನ್ನು ಕೂಡಿಸಬೇಕು. ತೋಳಲ್ಲಿ 2, ಕಾಲಲ್ಲಿ 3 ಸೆಂಟಿಮೀಟರ್ ಇದ್ದರೆ ಒಟ್ಟು 5, ಒಂದೇ ಕೋಡ್ 12002. ಹದಿನೈದು ಅಂದರಾ ಐವತ್ತು ಅಂದರಾ ಅಂತ ಪೆಡಲ್ ತುಳಿದು ತುಳಿದು ಕೇಳಿದವರಿಗೆ ಒಂದು ದಶಮಾಂಶದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಹೊತ್ತು ನಿಮಗೆ ಏನು ಇದೆ ಅಂತ ಹೇಳಿದೆ. ಈಗ ಎಲ್ಲಿ ಎಡವುತ್ತೀರಿ ಅಂತ ಹೇಳಬೇಕು. ನಾನು ಎಡವಿದ್ದು ಅಲ್ಲೇ.

ತರಬೇತಿಯ ಮೊದಲ ತಿಂಗಳು ಇಪ್ಪತ್ತು ಚಾರ್ಟ್ ಕೊಟ್ಟರು. ಬಯಾಲಜಿ ಓದಿದ್ದೇನೆ, ಹತ್ತು ವರ್ಷ ವರದಿ ಬರೆದಿದ್ದೇನೆ, ಸುಲಭ ಅಂದುಕೊಂಡಿದ್ದೆ. ಇಪ್ಪತ್ತರಲ್ಲಿ ಒಂಬತ್ತು ತಪ್ಪು. ಮೊದಲ ತಪ್ಪು ಇದು. ಔಷಧಿ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಇತ್ತು. ನಾನು ಇ11.9, ಟೈಪ್ 2 ಸಕ್ಕರೆ ಕಾಯಿಲೆ ಅಂತ ಹಾಕಿದ್ದೆ. ನನ್ನ ಟ್ರೇನರ್ ಕೇಳಿದರು, "ಡಾಕ್ಟರು ಡಯಾಬಿಟಿಸ್ ಅಂತ ಎಲ್ಲಿ ಬರೆದಿದ್ದಾರೆ?" ಹುಡುಕಿದೆ. ಎಲ್ಲೂ ಇರಲಿಲ್ಲ. ಮೆಟ್‌ಫಾರ್ಮಿನ್ ಪಿಸಿಓಎಸ್ ಅನ್ನುವ ಹೆಣ್ಣುಮಕ್ಕಳ ಹಾರ್ಮೋನ್ ತೊಂದರೆಗೂ ಕೊಡುತ್ತಾರೆ ಅಲ್ವಾ? ಆ ಚಾರ್ಟ್ ಇದ್ದದ್ದು 26 ವರ್ಷದ ಹುಡುಗಿಯದ್ದು.

ಎರಡನೆಯದು. ಕ್ಲಿನಿಕ್‌ನ ಚಾರ್ಟ್. ಕೆಮ್ಮು, ಜ್ವರ. ಡಾಕ್ಟರು ಬರೆದದ್ದು ರೂಲ್ ಔಟ್ ನ್ಯುಮೋನಿಯಾ, ಅಂದರೆ ನ್ಯುಮೋನಿಯಾ ಇದೆಯೋ ಇಲ್ಲವೋ ನೋಡಬೇಕು, ಎಕ್ಸ್‌ರೇ ಮಾಡಿಸಿ. ನಾನು ಜೆ18.9, ನ್ಯುಮೋನಿಯಾ ಹಾಕಿದ್ದೆ. ಹೊರರೋಗಿಗಳ ಚಾರ್ಟ್‌ನಲ್ಲಿ ಅನುಮಾನ, ಸಾಧ್ಯತೆ, ಇರಬಹುದು, ರೂಲ್ ಔಟ್ ಇದ್ಯಾವುದನ್ನೂ ಕಾಯಿಲೆ ಅಂತ ಕೋಡ್ ಮಾಡಬಾರದು. ಕೆಮ್ಮು ಮತ್ತು ಜ್ವರ, ಅಷ್ಟೇ. ಆದರೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಮನೆಗೆ ಹೋಗುವಾಗಲೂ ಡಾಕ್ಟರು ನ್ಯುಮೋನಿಯಾ ಇರಬಹುದು ಅಂತ ಬರೆದರೆ, ಆಸ್ಪತ್ರೆಯ ಬಿಲ್ಲಿಗೆ ಅದನ್ನು ಇದೆ ಅಂತಲೇ ಕೋಡ್ ಮಾಡಬೇಕು. ಒಂದೇ ಪದ, ಜಾಗ ಬೇರೆಯಾದರೆ ನಿಯಮ ಬೇರೆ. ಅದರಲ್ಲೂ ಎಚ್‌ಐವಿಗೆ ಈ ರಿಯಾಯಿತಿ ಇಲ್ಲ. ಖಚಿತವಾಗಿದ್ದರೆ ಮಾತ್ರ. ಒಬ್ಬರ ದಾಖಲೆಯಲ್ಲಿ ಆ ಅಕ್ಷರ ಬಿದ್ದರೆ ಅವರ ಬದುಕು ಏನಾಗುತ್ತದೆ ಅಂತ ಯೋಚಿಸಿ ಮಾಡಿದ ನಿಯಮ ಅದು ಅನ್ನಿಸುತ್ತದೆ ನನಗೆ.

ನಾನು ಯಾಕೆ ಹೀಗೆ ತಪ್ಪಿದೆ ಅಂತ ಬಹಳ ದಿನ ಯೋಚಿಸಿದೆ. ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಕೇಳಿಸದ ಪದವನ್ನು ಹಿಡಿಯಲು ನಾವು ಸುತ್ತಲಿನ ವಿಷಯ ಬಳಸುತ್ತೇವೆ. ಇನ್ಸುಲಿನ್ ಅಂತ ಮುಂದೆ ಬಂತು, ಹಾಗಾದರೆ ಹಿಂದಿನ ಅಸ್ಪಷ್ಟ ಪದ ಡಯಾಬಿಟಿಸ್ ಇರಬೇಕು ಅಂತ ಮತ್ತೆ ಕೇಳುತ್ತೇವೆ, ಹೌದು ಅದೇ. ಅಲ್ಲಿ ಪದ ನಿಜವಾಗಿಯೂ ಧ್ವನಿಯಲ್ಲಿ ಇರುತ್ತದೆ. ನಾವು ಅದನ್ನು ಹುಡುಕುತ್ತೇವೆ. ಕೋಡಿಂಗ್‌ನಲ್ಲಿ ಪದ ಅಲ್ಲಿ ಇಲ್ಲವೇ ಇಲ್ಲ. ಡಾಕ್ಟರು ಬರೆದಿಲ್ಲ. ನಮ್ಮ ಜಾಣತನ ಇಲ್ಲದ ಪದವನ್ನು ಹುಟ್ಟಿಸಿಬಿಡುತ್ತದೆ. ಕಿವಿಯ ಕೆಲಸದಲ್ಲಿ ನಮ್ಮನ್ನು ಕಾಪಾಡಿದ ಬುದ್ಧಿಯೇ ಕಣ್ಣಿನ ಕೆಲಸದಲ್ಲಿ ಮೋಸ ಮಾಡುತ್ತದೆ. ಅದಕ್ಕೇ ಬ್ಲ್ಯಾಂಕ್ ನೆನಪಿಡಿ ಅಂದದ್ದು. ಪದ ಇಲ್ಲದ ಕಡೆ ಬ್ಲ್ಯಾಂಕ್.

ಇದರಲ್ಲಿ ದುಡ್ಡಿನ ಮಾತೂ ಇದೆ. ಇಲ್ಲದ ಕಾಯಿಲೆ ಹಾಕಿದರೆ ಆಸ್ಪತ್ರೆಗೆ ಜಾಸ್ತಿ ಹಣ ಬರಬಹುದು. ಮೆಡಿಕೇರ್ ಥರದ ಸರ್ಕಾರಿ ಹಣವನ್ನು ಗೊತ್ತಿದ್ದೂ ಸುಳ್ಳು ಹೇಳಿ ಪಡೆದರೆ ಅಮೆರಿಕದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಪ್ರಕಾರ ದೊಡ್ಡ ದಂಡ. ಇರುವ ಕಾಯಿಲೆ ಬಿಟ್ಟರೂ ತಪ್ಪೇ. ರೋಗಿ ಎಷ್ಟು ಕಷ್ಟದಲ್ಲಿದ್ದರು ಅನ್ನುವುದು ದಾಖಲೆಯಿಂದ ಮಾಯ. ಟಾರ್ಗೆಟ್ ಒತ್ತಡದಲ್ಲಿ ಯಾರಾದರೂ "ಹಾಕಿಬಿಡು, ಏನಾಗಲ್ಲ" ಅಂದರೆ ಕೇಳಬೇಡಿ. ನನಗೂ ಒಬ್ಬರು ಹಾಗೆ ಹೇಳಿದ್ದರು. ನಾನು ಹಾಕಲಿಲ್ಲ. ಆ ವಾರ ನನ್ನ ಅಂಕ ಇಳಿಯಿತು, ಮುಂದಿನ ಆಡಿಟ್‌ನಲ್ಲಿ ನನ್ನ ಚಾರ್ಟ್‌ಗಳೇ ಸರಿ ಅಂತಾಯಿತು.

ದಾರಿ ಹೇಗೆ ಅಂತ ಕೇಳಿದ್ದೀರಿ. ಅಮೆರಿಕದ ಎರಡು ಸಂಸ್ಥೆಗಳ ಪರೀಕ್ಷೆಗೆ ಬೆಲೆ ಇದೆ. 1988ರಲ್ಲಿ ಶುರುವಾದ ಎಎಪಿಸಿ ಕೊಡುವ ಸಿಪಿಸಿ, ಮತ್ತು ಅಹಿಮಾ ಕೊಡುವ ಸಿಸಿಎಸ್. ಇಲ್ಲಿಂದ ಹೋಗುವವರಿಗೆ ಮೊದಲು ಸಿಪಿಸಿ ಸರಿ. 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇ. 70. ಪುಸ್ತಕ ತೆರೆದು ನೋಡಿ ಬರೆಯಬಹುದು. ಪುಸ್ತಕ ಇದೆ ಅಂತ ಸಡಿಲ ಬಿಡಬೇಡಿ. ಒಂದು ಪ್ರಶ್ನೆಗೆ ಎರಡೂವರೆ ನಿಮಿಷ ಕೂಡ ಸಿಗುವುದಿಲ್ಲ. ಕಣ್ಣು ಮುಚ್ಚಿದರೂ ಯಾವ ಪುಟ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರಬೇಕು.

ಪಾಸಾದ ಮೇಲೂ ಹೆಸರಿನ ಮುಂದೆ ಸಿಪಿಸಿ-ಎ ಅಂತ ಬರುತ್ತದೆ. ಎ ಅಂದರೆ ಅಪ್ರೆಂಟಿಸ್. ಕೋಡಿಂಗ್ ಕೆಲಸದ ಅನುಭವ ತೋರಿಸಿದ ಮೇಲೆ ಆ ಎ ಹೋಗುತ್ತದೆ. ಟ್ರಾನ್ಸ್‌ಕ್ರಿಪ್ಷನ್ ಅನುಭವ ಅದಕ್ಕೆ ಲೆಕ್ಕಕ್ಕಿಲ್ಲ. ಇದು ನನಗೆ ಬೇಸರ ತಂದಿತ್ತು, ನಿಮಗೂ ತರುತ್ತದೆ. ಸಂಬಳವೂ ಹೊಸಬರ ಸಂಬಳವೇ. ನನ್ನದು ಕಾಲು ಭಾಗ ಇಳಿಯಿತು. ಹಳೆಯ ಮಟ್ಟಕ್ಕೆ ಬರಲು ಎರಡು ವರ್ಷ ಹಿಡಿಯಿತು. ಮನೆಯಲ್ಲಿ ಕೂತು ಲೆಕ್ಕ ಹಾಕಿ, ಆ ಎರಡು ವರ್ಷಕ್ಕೆ ಏನು ಮಾಡುತ್ತೀರಿ ಅಂತ ಮಾತಾಡಿಕೊಂಡು ಬನ್ನಿ.

ಓದುವಾಗ ಕೋಡ್ ಪುಸ್ತಕದಿಂದ ಶುರು ಮಾಡಬೇಡಿ. ಐಸಿಡಿ-10-ಸಿಎಂ ನಿಯಮಾವಳಿಯಿಂದ ಶುರು ಮಾಡಿ. ನೂರು ಚಿಲ್ಲರೆ ಪುಟ. ಅಮೆರಿಕ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಅಕ್ಟೋಬರ್ 1ಕ್ಕೆ ಹೊಸದು ಬರುತ್ತದೆ. ದಿನಕ್ಕೆ ಎರಡು ಪುಟ, ಕನ್ನಡದಲ್ಲಿ ನಿಮ್ಮ ಮಾತಲ್ಲಿ ಬರೆದಿಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದು. "ಗೊತ್ತಿಲ್ಲದಿದ್ದರೆ ಲಕ್ಷಣ ಬರಿ, ಕಾಯಿಲೆ ಬರೀಬೇಡ" ಅಂತ ಮೊದಲ ಪುಟದಲ್ಲೇ ಬರೆದಿದ್ದೆ. ಆ ನೋಟ್‌ಬುಕ್ ಇವತ್ತೂ ಇದೆ. ನೂರಕ್ಕೆ ನೂರು ಕೆಲಸ ಕೊಡಿಸುತ್ತೇವೆ ಅನ್ನುವ ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟುವ ಮುಂಚೆ, ಅಲ್ಲಿ ಓದಿ ಈಗ ಕೆಲಸದಲ್ಲಿರುವ ಇಬ್ಬರ ಜೊತೆ ಮಾತಾಡಿ. ಅವರು ಹೆಸರು ಕೊಡದಿದ್ದರೆ ಕಟ್ಟಬೇಡಿ.

ಕೆಲಸ ಎಲ್ಲಿದೆ? ಚೆನ್ನೈ, ಹೈದರಾಬಾದ್, ಬೆಂಗಳೂರು ದೊಡ್ಡ ಕೇಂದ್ರಗಳು. ಅನುಭವ ಬಂದ ಮೇಲೆ ಮನೆಯಿಂದ ಕೆಲಸ ಕೊಡುವವರೂ ಇದ್ದಾರೆ, ಆದರೆ ಮೊದಲ ವರ್ಷ ಆಫೀಸಿನಲ್ಲಿ ಪಕ್ಕದವರನ್ನು ಕೇಳುತ್ತಾ ಕಲಿಯುವುದೇ ಒಳ್ಳೆಯದು ಅನ್ನುವುದು ನನ್ನ ಅನುಭವ. ರೇಡಿಯಾಲಜಿ, ಎಮರ್ಜೆನ್ಸಿ, ಸರ್ಜರಿ, ಒಳರೋಗಿಯ ಬಿಲ್ಲನ್ನು ಕಾಯಿಲೆಯ ಗುಂಪಿನ ಮೇಲೆ ಲೆಕ್ಕ ಹಾಕುವ ಡಿಆರ್‌ಜಿ, ರೋಗಿಗೆ ಮುಂದೆ ಎಷ್ಟು ಖರ್ಚಾಗಬಹುದು ಅಂತ ಅವರ ಕಾಯಿಲೆಗಳಿಂದ ಅಳೆಯುವ ಎಚ್‌ಸಿಸಿ ಹೀಗೆ ವಿಭಾಗಗಳಿವೆ. ನೀವು ಆಪರೇಷನ್ ವರದಿಗಳನ್ನು ಜಾಸ್ತಿ ಬರೆದವರಾದರೆ ಸರ್ಜರಿ ಕೇಳಿ. ಡಿಸ್ಚಾರ್ಜ್ ಸಮ್ಮರಿ ಬರೆದವರಾದರೆ ಡಿಆರ್‌ಜಿ ಕಡೆ ಕಣ್ಣಿಡಿ. ನಮ್ಮ ದೇಶದಲ್ಲೂ ಆರೋಗ್ಯ ವಿಮೆಯ ಕ್ಲೈಮ್ ಫಾರ್ಮ್‌ನಲ್ಲಿ ಆಸ್ಪತ್ರೆ ತುಂಬುವ ಭಾಗದಲ್ಲಿ ಐಸಿಡಿ-10ಕ್ಕೆ ಜಾಗ ಇದೆ. ಇಲ್ಲಿನ ಆಸ್ಪತ್ರೆಗಳ ಮೆಡಿಕಲ್ ರೆಕಾರ್ಡ್ಸ್ ವಿಭಾಗವನ್ನೂ ಒಮ್ಮೆ ವಿಚಾರಿಸಿ ನೋಡಿ.

ಕೃತಕ ಬುದ್ಧಿಮತ್ತೆ ಇದನ್ನೂ ನುಂಗುತ್ತದಲ್ಲ ಅಂತ ನಿಮ್ಮ ಮುಖದಲ್ಲೇ ಕಾಣುತ್ತಿದೆ. ಒಮ್ಮೆ ಸುಟ್ಟುಕೊಂಡವರು ನಾವು. ಸುಳ್ಳು ಹೇಳುವುದಿಲ್ಲ. ರೇಡಿಯಾಲಜಿಯಂಥ ಒಂದೇ ಥರದ ಚಾರ್ಟ್‌ಗಳಲ್ಲಿ ಮನುಷ್ಯರು ಮುಟ್ಟದೆ ಕೋಡ್ ಹಾಕುವ ಸಾಫ್ಟ್‌ವೇರ್ ಆಗಲೇ ಕೆಲಸ ಮಾಡುತ್ತಿದೆ. ಸುಮ್ನೆ ಕೋಡ್ ಹುಡುಕಿ ಹಾಕುವುದಷ್ಟೇ ಗೊತ್ತಿದ್ದರೆ ಕಷ್ಟ. ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಕೊನೆಗೆ ಉಳಿದದ್ದು ಯಾರು? ಕ್ಯೂಎ ಮಾಡುವವರು. ಯಂತ್ರ ಬರೆದದ್ದರಲ್ಲಿ ಎಲ್ಲಿ ತಪ್ಪಿದೆ ಅಂತ ತೋರಿಸಬಲ್ಲವರು. ಇಲ್ಲೂ ಆಡಿಟರ್ ಆಗುವ ಗುರಿ ಇಟ್ಟುಕೊಂಡೇ ಬನ್ನಿ. ಈ ಕೋಡ್ ಯಾಕೆ ತಪ್ಪು, ಯಾವ ನಿಯಮ ಹಾಗೆ ಹೇಳುತ್ತದೆ ಅಂತ ಎರಡು ಸಾಲಲ್ಲಿ ಬರೆಯಲು ಮೊದಲ ದಿನದಿಂದ ಅಭ್ಯಾಸ ಮಾಡಿ.

ನನ್ನ ಮಾತು ಇಷ್ಟೇ. ಈಗ ನಿಮ್ಮ ಪ್ರಶ್ನೆ ಕೇಳಿ.

ಒಬ್ಬರು ಬಿ.ಕಾಂ ಮಾಡಿದ್ದೇನೆ, ಆಗುತ್ತಾ ಎಂದರು. ಪರೀಕ್ಷೆ ಬರೆಯಬಹುದು, ಆದರೆ ಇಲ್ಲಿನ ಹೆಚ್ಚಿನ ಕಂಪನಿಗಳು ಜೀವವಿಜ್ಞಾನ ಅಥವಾ ನರ್ಸಿಂಗ್, ಫಾರ್ಮಸಿಯಂಥ ಪದವಿ ಕೇಳುತ್ತವೆ. ಟ್ರಾನ್ಸ್‌ಕ್ರಿಪ್ಷನ್ ಅನುಭವ ನೋಡಿ ತಗೊಂಡವರೂ ಇದ್ದಾರೆ, ದುಡ್ಡು ಕಟ್ಟುವ ಮುಂಚೆಯೇ ಎರಡು ಮೂರು ಕಂಪನಿಗಳಲ್ಲಿ ವಿಚಾರಿಸಿ ಎಂದೆ. ಅದೇ ಕ್ಲೇಮ್ ಕೆಲಸದ ಬಿಲ್ಲಿಂಗ್ ಮತ್ತು ಎಆರ್, ಅಂದರೆ ಬರಬೇಕಾದ ಬಾಕಿ ಹಣದ ಕೆಲಸದ ಕಡೆ ಬಿ.ಕಾಂನವರಿಗೆ ಅವಕಾಶ ಜಾಸ್ತಿ.

ಇನ್ನೊಬ್ಬರು ವಯಸ್ಸು ನಲವತ್ತೆರಡು, ತಡ ಆಯಿತಾ ಅಂದರು. ನನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಹಿರಿಯರಿಗೆ ನಲವತ್ತೈದು, ಅವರು ಈಗ ಆಡಿಟರ್. ರಾತ್ರಿ ಪಾಳಿ ಇರುತ್ತಾ ಅಂತ ಬಹಳ ಜನ ಕೇಳಿದರು. ಕೋಡಿಂಗ್‌ಗೆ ಹೆಚ್ಚಾಗಿ ಹಗಲೇ. ಈ ಉತ್ತರಕ್ಕೆ ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಕೊನೆಗೆ ಒಂದು ಡಿಸ್ಚಾರ್ಜ್ ಸಮ್ಮರಿ ಹಂಚಿ, ಹತ್ತು ನಿಮಿಷ ಕೊಟ್ಟು, ಒಳರೋಗಿ ಚಾರ್ಟ್ ಅಂತ ಓದಿ ನೋಡಿ ಎಂದೆ. ವಾಂತಿ ಭೇದಿ ಆಗಿ ಸೇರಿದ್ದ ರೋಗಿ. ಎಲ್ಲರೂ ತಲೆ ಬಗ್ಗಿಸಿ ಓದತೊಡಗಿದರು. ಮೂರನೇ ಸಾಲಿನಿಂದ ಒಬ್ಬರು ಕೈ ಎತ್ತಿದರು. "ಮೇಡಂ, ಇಲ್ಲಿ ಪೊಟ್ಯಾಸಿಯಂ 2.9 ಅಂತ ಲ್ಯಾಬ್‌ನಲ್ಲಿ ಇದೆ. ಪೊಟ್ಯಾಸಿಯಂ ಮಾತ್ರೆನೂ ಕೊಟ್ಟಿದಾರೆ. ಆದ್ರೆ ಹೈಪೊಕಲೀಮಿಯಾ ಅಂತ ಡಾಕ್ಟರು ಎಲ್ಲೂ ಬರೆದಿಲ್ಲ. ಕೋಡ್ ಹಾಕೋ ಹಾಗಿಲ್ಲ ಅಲ್ವಾ?"

ಹೈಪೊಕಲೀಮಿಯಾ ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇರುವುದು. ಇಲ್ಲ, ಹಾಕುವ ಹಾಗಿಲ್ಲ ಎಂದೆ. ಆದರೆ ಚಿಕಿತ್ಸೆ ಕೊಟ್ಟಿದ್ದಾರಲ್ಲ, ಸುಮ್ಮನೆ ಬಿಡುವ ಹಾಗೂ ಇಲ್ಲ. ಕ್ವೆರಿ ಬರೆಯಿರಿ. ಒಂದೇ ಷರತ್ತು, ಉತ್ತರವನ್ನು ನೀವೇ ಹೇಳಿಕೊಡಬಾರದು.

ಅವರು ಸ್ವಲ್ಪ ಹೊತ್ತು ಯೋಚಿಸಿ, ಕೈಯಲ್ಲಿದ್ದ ಹಾಳೆಯ ಹಿಂಬದಿಯಲ್ಲಿ ಬರೆದು, ಎದ್ದು ನಿಂತು ಓದಿದರು. "ರೋಗಿಯ ಪೊಟ್ಯಾಸಿಯಂ 2.9 ಬಂದಿದೆ. ಪೊಟ್ಯಾಸಿಯಂ ಮಾತ್ರೆ ಕೊಡಲಾಗಿದೆ. ಈ ಚಿಕಿತ್ಸೆ ಯಾವ ತೊಂದರೆಗೆ ಎಂದು ದಯವಿಟ್ಟು ದಾಖಲಿಸಿ."